ಅಕ್ಸಿಲರೇಟರ್ ಒತ್ತಿದರೆ ಕಾರು ಅದುರುತ್ತದೆಯೇ? ಕಲಬುರಗಿ ಭಾಗದ ಕಾರು ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

"ಗಾಡಿ ವೈಬ್ರೇಷನ್ ಹೊಡೆಯುತ್ತಿದೆ" ಎಂಬ ಒಂದೇ ದೂರಿನ ಹಿಂದೆ ಹತ್ತಾರು ರೋಗಗಳು ಅಡಗಿರಬಹುದು. ಕಿಡಿ ಹಾರಿಸುವ ಪ್ಲಗ್ ಬದಲಿಸಿ ನೋಡೋಣ, ಆಗದಿದ್ದರೆ ಅದಕ್ಕೆ ವಿದ್ಯುತ್ ಕೊಡುವ ಕಾಯಿಲ್, ಅದೂ ಆಗದಿದ್ದರೆ ಕ್ಲಚ್ ಎಂದು ಅಂದಾಜಿನ ಮೇಲೆ ಹೊರಟರೆ ಕೊನೆಗೆ ಅದುರುವುದು ನಿಮ್ಮ ಜೇಬು. ಕಾರು ಯಾವ ಹೊತ್ತಿನಲ್ಲಿ ಅದುರುತ್ತದೆ ಎಂದು ನಿಧಾನವಾಗಿ ಗಮನಿಸಿದವರಿಗೆ ಅರ್ಧ ಉತ್ತರ ಗ್ಯಾರೇಜಿಗೆ ಹೋಗುವ ಮೊದಲೇ ಸಿಕ್ಕಿರುತ್ತದೆ. ಕೆಳಗಿನ ಉತ್ತರಗಳೆಲ್ಲ ಆ ಗಮನದ ಸುತ್ತಲೇ ಇವೆ.

ಮೆಕ್ಯಾನಿಕ್ ನೋಡುವ ಮೊದಲೇ ನಾನು ಏನನ್ನು ಪರೀಕ್ಷಿಸಬಹುದು?

ಕಂಪನ ಎಲ್ಲೋ ಹುಟ್ಟಿ ಎಲ್ಲೋ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಜಾಗ ಹುಡುಕುವ ಕೆಲಸವನ್ನು ಮೆಕ್ಯಾನಿಕ್‌ಗೆ ಬಿಡಿ, ನೀವು ಹೊತ್ತು ಗುರುತಿಸಿ. ಬೆಳಿಗ್ಗೆ ಬೇಗ, ಲಾರಿಗಳ ಓಡಾಟ ಕಡಿಮೆ ಇರುವಾಗ, ಒಬ್ಬರನ್ನು ಜೊತೆಗೆ ಕರೆದುಕೊಂಡು ರಿಂಗ್ ರಸ್ತೆಗೆ ಹೋಗಿ. ಓಡಿಸುವುದು ನಿಮ್ಮ ಕೆಲಸ, ಮೊಬೈಲಿನಲ್ಲಿ ಬರೆದುಕೊಳ್ಳುವುದು ಅವರ ಕೆಲಸ.

ಹೊರಡುವ ಮೊದಲು ನ್ಯೂಟ್ರಲ್‌ನಲ್ಲಿ ನಿಲ್ಲಿಸಿಕೊಂಡು ಎಂಜಿನ್ನನ್ನು 2,000ದಿಂದ 3,000 ಆರ್‌ಪಿಎಂವರೆಗೆ ಏರಿಸಿ. ನಿಂತಲ್ಲೇ ಅದುರಿದರೆ ಚಕ್ರ, ಟೈರು, ಎಕ್ಸಲ್‌ಗಳ ತಪ್ಪೇನೂ ಇಲ್ಲ. ಎಂಜಿನ್ ಅಥವಾ ಅದನ್ನು ಹಿಡಿದಿರುವ ರಬ್ಬರ್ ಫೌಂಡೇಶನ್‌ನಲ್ಲಿ ದೋಷವಿದೆ. ನಿಂತಲ್ಲಿ ಸರಿಯಿದ್ದ ಮಾತ್ರಕ್ಕೆ ಎಂಜಿನ್ ಪೂರ್ತಿ ನಿರ್ದೋಷಿ ಎಂದಾಗುವುದಿಲ್ಲ. ಸೋತ ಪ್ಲಗ್ ಭಾರ ಬೀಳುವವರೆಗೆ ಸುಮ್ಮನಿರುತ್ತದೆ.

ನಂತರ ಗಂಟೆಗೆ 50 ಕಿ.ಮೀ. ವೇಗದಲ್ಲಿ ಮೂರನೇ ಗೇರಿನಲ್ಲಿ ಜೋರಾಗಿ ಅಕ್ಸಿಲರೇಟರ್ ಒತ್ತಿ. ಅದೇ ವೇಗಕ್ಕೆ ಇಳಿಸಿಕೊಂಡು ನಾಲ್ಕನೇ ಗೇರಿನಲ್ಲಿ ಮತ್ತೆ ಒತ್ತಿ. ಇಡೀ ಪರೀಕ್ಷೆಯ ಸಾರ ಇಲ್ಲಿದೆ. ಕೆಳಗಿನ ಗೇರಿನಲ್ಲಿ ಚಕ್ರಕ್ಕೆ ಹೆಚ್ಚು ಬಲ ಹೋಗುತ್ತದೆ. ಆಗ ಹೆಚ್ಚು ಅದುರಿದರೆ ಎಕ್ಸಲ್ ಜಾಯಿಂಟಿನ ಮೇಲೆ ಅನುಮಾನ ಪಡಬೇಕು. ಮೇಲಿನ ಗೇರಿನಲ್ಲಿ ಎಂಜಿನ್ ಕಡಿಮೆ ಸುತ್ತಿನಲ್ಲಿ ಹೆಚ್ಚು ಭಾರ ಎಳೆಯುತ್ತದೆ. ಆಗ ಹೆಚ್ಚಾದರೆ ಎಂಜಿನ್ ಮಿಸ್ ಹೊಡೆಯುತ್ತಿರುವ, ಅಂದರೆ ಯಾವುದೋ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವ ಸಾಧ್ಯತೆ ಹೆಚ್ಚು.

ಇನ್ನು ಎರಡೇ ಎರಡು. ಅದುರುವಾಗ ಕಾಲು ಪೂರ್ತಿ ತೆಗೆಯಿರಿ: ತಕ್ಷಣ ನಿಂತರೆ ಅದು ಬಲಕ್ಕೆ ಸಂಬಂಧಿಸಿದ್ದು, ಕಾಲು ತೆಗೆದರೂ ಅದೇ ವೇಗದಲ್ಲಿ ಮುಂದುವರಿದರೆ ಚಕ್ರಕ್ಕೆ ಸಂಬಂಧಿಸಿದ್ದು. ಕೊನೆಗೆ ಬ್ರೇಕ್ ಹಿಡಿಯಿರಿ. ಬ್ರೇಕ್ ಹಿಡಿದಾಗ ಮಾತ್ರ ಸ್ಟೀರಿಂಗ್ ಕುಣಿದರೆ ಬ್ರೇಕ್ ಡಿಸ್ಕ್ ನೋಡಿಸಿ, ಈ ಪುಟದ ಉಳಿದ ಭಾಗ ನಿಮಗೆ ಬೇಡ.

40ರಿಂದ 70ರ ನಡುವೆ ವೇಗ ಹೆಚ್ಚಿಸುವಾಗ ಕಾರು ಅಡ್ಡಡ್ಡ ಅಲುಗಾಡುತ್ತದೆ, ಕಾಲು ತೆಗೆದರೆ ಶಾಂತ. ಮೀಟರಿನಲ್ಲಿ ಯಾವ ದೀಪವೂ ಇಲ್ಲ. ಏನಿದು?

ಮುಂದಿನ ಚಕ್ರಗಳು ಎಳೆಯುವ ಕಾರಾದರೆ, ಮೊದಲು ಎಕ್ಸಲ್‌ನ ಒಳ ಜಾಯಿಂಟ್ ನೋಡಿಸಿ. ಗೇರ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಪ್ರತಿ ಎಕ್ಸಲ್‌ಗೂ ಎರಡು ಜಾಯಿಂಟ್‌ಗಳಿರುತ್ತವೆ. ಚಕ್ರದ ಕಡೆಯ ಹೊರ ಜಾಯಿಂಟ್ ಸವೆದರೆ ತಿರುವಿನಲ್ಲಿ ಟಕ್‌ಟಕ್ ಎಂದು ಸದ್ದು ಮಾಡಿ ತಾನೇ ಹೇಳಿಕೊಳ್ಳುತ್ತದೆ. ಗೇರ್ ಬಾಕ್ಸಿನ ಕಡೆಯ ಒಳ ಜಾಯಿಂಟ್ ಹಾಗೆ ಸದ್ದು ಮಾಡುವುದಿಲ್ಲ, ನೇರ ರಸ್ತೆಯಲ್ಲೇ ಅದುರಿಸುತ್ತದೆ.

ಹೆಚ್ಚಿನ ಕಾರುಗಳಲ್ಲಿ ಈ ಒಳ ಜಾಯಿಂಟ್ ಎಂದರೆ ಒಂದು ಬಟ್ಟಲು. ಅದರೊಳಗೆ ಉದ್ದಕ್ಕೆ ಕೊರೆದ ಮೂರು ಹಾದಿಗಳು, ಅವುಗಳಲ್ಲಿ ಓಡುವ ಮೂರು ಸಣ್ಣ ಉರುಳೆಗಳು, ತುಂಬ ಗ್ರೀಸ್. ಗುಂಡಿಯಲ್ಲಿ ಚಕ್ರ ಇಳಿದು ಏರಿದಾಗ ಎಕ್ಸಲ್ ಉದ್ದವಾಗಬೇಕು, ಗಿಡ್ಡವಾಗಬೇಕು. ಉರುಳೆಗಳು ಹಾದಿಯಲ್ಲಿ ಹಿಂದೆ ಮುಂದೆ ಜಾರುವುದರಿಂದ ಅದು ಸಾಧ್ಯ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಲ ಬಿದ್ದು ಹಾದಿಯ ಗೋಡೆಯಲ್ಲಿ ಕುಳಿ ಬೀಳುತ್ತದೆ. ಅಕ್ಸಿಲರೇಟರ್ ಒತ್ತಿದಾಗ ಉರುಳೆ ಆ ಕುಳಿಯಲ್ಲಿ ಸಿಕ್ಕಿ, ಜಾರುವ ಬದಲು ಎಕ್ಸಲನ್ನು ಪಕ್ಕಕ್ಕೆ ನೂಕುತ್ತದೆ. ಉರುಳೆಗಳು ಮೂರಿರುವುದರಿಂದ ಪ್ರತಿ ಸುತ್ತಿಗೂ ಮೂರು ನೂಕು. ಕಾರು ಅಡ್ಡಡ್ಡ ಅಲುಗಾಡುವುದು ಅದಕ್ಕೇ.

ಕೈಯಲ್ಲಿ ಹಿಡಿದು ಅಲುಗಾಡಿಸಿ "ಪ್ಲೇ ಇಲ್ಲ, ಚೆನ್ನಾಗಿದೆ" ಎಂದು ಮೆಕ್ಯಾನಿಕ್ ಹೇಳಿದರೆ ಅಷ್ಟಕ್ಕೇ ಒಪ್ಪಬೇಡಿ. ಕುಳಿ ಬಿದ್ದ ಜಾಯಿಂಟ್ ಕೈಗೆ ಸಡಿಲವೆನಿಸದೆ ಇರಬಹುದು. ಜಾಯಿಂಟಿನ ರಬ್ಬರ್ ಹೊದಿಕೆ (ಬೂಟ್) ಬಿಚ್ಚಿ, ಗ್ರೀಸ್ ಒರೆಸಿ, ಬಟ್ಟಲಿನ ಹಾದಿಯ ಮೇಲೆ ಉಗುರು ಎಳೆಯಬೇಕು. ಉಗುರು ಎಲ್ಲಾದರೂ ತಡೆದರೆ ಜಾಯಿಂಟ್ ಮುಗಿದಿದೆ. ಹೊಸ ಗ್ರೀಸ್ ತುಂಬಿದರೆ ಕೆಲವು ದಿನ ಸುಧಾರಿಸಿದಂತೆ ಕಾಣುತ್ತದೆ. ಅದನ್ನು ದುರಸ್ತಿ ಎಂದು ತಿಳಿಯಬಾರದು.

ಹೊಲದ ದಾರಿಯಲ್ಲಿ ತಳ ಬಡಿಯುತ್ತಿತ್ತು ಎಂದು ಸ್ಪ್ರಿಂಗ್‌ಗೆ ಸ್ಪೇಸರ್ ಹಾಕಿಸಿ ಕಾರು ಎತ್ತರಿಸಿದೆ. ಅಂದಿನಿಂದಲೇ ಅದುರು ಶುರುವಾಯಿತು.

ಎರಡಕ್ಕೂ ಸಂಬಂಧವಿದೆ. ಕಾರನ್ನು ಎತ್ತರಿಸಿದರೆ ಗೇರ್ ಬಾಕ್ಸ್ ಮೇಲೇರುತ್ತದೆ, ಚಕ್ರ ನೆಲದಲ್ಲೇ ಇರುತ್ತದೆ, ನಡುವಿನ ಎಕ್ಸಲ್ ಹೆಚ್ಚು ಓರೆಯಾಗುತ್ತದೆ. ಓರೆ ಹೆಚ್ಚಿದಷ್ಟೂ ಒಳ ಜಾಯಿಂಟಿನ ನೂಕು ಹೆಚ್ಚುತ್ತದೆ. ಜಾಯಿಂಟ್ ಹೊಸದಾಗಿದ್ದರೂ ಜೋರು ಎಳೆತದಲ್ಲಿ ಅದುರಬಹುದು. ಮೊದಲೇ ಸ್ವಲ್ಪ ಸವೆದಿದ್ದರೆ ಖಂಡಿತ ಅದುರುತ್ತದೆ. ನಮ್ಮ ಕಡೆಯ ರಸ್ತೆಯುಬ್ಬುಗಳನ್ನು ನೋಡಿದರೆ ಸ್ಪೇಸರ್ ಹಾಕಿಸುವವರ ಕಷ್ಟ ಅರ್ಥವಾಗುತ್ತದೆ. ಆದರೂ ಹೊಸ ಎಕ್ಸಲ್‌ಗೆ ದುಡ್ಡು ಸುರಿಯುವ ಮೊದಲು ಸ್ಪೇಸರ್ ತೆಗೆಸಿ ಒಮ್ಮೆ ಓಡಿಸಿ ನೋಡಿ. ತೆಗೆದ ಮೇಲೆ ವ್ಹೀಲ್ ಅಲೈನ್‌ಮೆಂಟ್ ಮಾಡಿಸುವುದನ್ನು ಮರೆಯಬೇಡಿ.

ಎಕ್ಸಲ್ ಬದಲಿಸುವಾಗ ರೀಕಂಡೀಷನ್ ಮಾಡಿದ್ದು ಹಾಕಿಸಬಹುದೇ?

ಹಾಕಿಸಬಹುದು, ಮಾಡಿದವರ ಮೇಲೆ ನಂಬಿಕೆ ಇದ್ದರೆ. ಕುಳಿ ಬಿದ್ದ ಅದೇ ಬಟ್ಟಲಿಗೆ ಹೊಸ ಬೂಟ್ ಮತ್ತು ಗ್ರೀಸ್ ಹಾಕಿ, ಬಣ್ಣ ಬಳಿದು ಕೊಡುವುದೂ ರೀಕಂಡೀಷನ್ ಹೆಸರಿನಲ್ಲೇ ನಡೆಯುತ್ತದೆ. ಅನೇಕ ಮಾದರಿಗಳಿಗೆ ಒಳ ಜಾಯಿಂಟ್ ಮಾತ್ರ ಕಿಟ್ ರೂಪದಲ್ಲಿ ಸಿಗುತ್ತದೆ. ಇಡೀ ಎಕ್ಸಲ್‌ಗಿಂತ ಅದು ಅಗ್ಗ. ಎಕ್ಸಲ್ ಎಳೆದಾಗ ಗೇರ್ ಆಯಿಲ್ ಚೆಲ್ಲುತ್ತದೆ. ಅದನ್ನು ಮತ್ತೆ ಅಳತೆಗೆ ತುಂಬಿದ್ದಾರೆಯೇ, ಆಯಿಲ್ ಸೀಲ್ ಬದಲಿಸಿದ್ದಾರೆಯೇ ಎಂದು ಕೇಳಿ. ಮನೆಯಂಗಳದಲ್ಲಿ ಶಹಾಬಾದ್ ಕಲ್ಲು ಹಾಸಿದ್ದರೆ ಒಳ್ಳೆಯದಾಯಿತು, ಒಂದು ಹನಿ ಸೋರಿದರೂ ಬೆಳಿಗ್ಗೆ ಎದ್ದು ಕಾಣುತ್ತದೆ.

ಅದುರುವಾಗ ಚೆಕ್ ಎಂಜಿನ್ ದೀಪ ಮಿಣುಕುತ್ತದೆ. ಓಡಿಸಬಹುದೇ?

ಬೇಡ. ದೀಪ ಸ್ಥಿರವಾಗಿ ಉರಿದರೆ ಬೇಗ ತೋರಿಸಿ ಎಂದು ಅರ್ಥ. ಮಿಣುಕಿದರೆ ಈಗಲೇ ಕಾಲು ಸಡಿಲಿಸಿ ಎಂದು ಅರ್ಥ. ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹಾಗೆಯೇ ಸೈಲೆನ್ಸರ್ ಕಡೆಗೆ ಹೋಗುತ್ತಿರುತ್ತದೆ. ದಾರಿಯಲ್ಲಿರುವ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಅದು ಉರಿದು, ಒಳಗಿನ ಜಾಲರಿ ಕಾದು ಕರಗಬಹುದು. ಪ್ಲಗ್‌ನಿಂದ ಮುಗಿಯಬೇಕಾದ ಖರ್ಚು ಹತ್ತಾರು ಸಾವಿರಕ್ಕೆ ಏರುವುದು ಹೀಗೆ. ಹುಮನಾಬಾದ್ ದಾರಿಯ ನಡುವೆ ಹೀಗಾದರೆ ಪಕ್ಕಕ್ಕೆ ನಿಲ್ಲಿಸಿ. ಹತ್ತಿರದ ಊರಿಗೆ ಹೋಗಲೇಬೇಕಾದ ಸ್ಥಿತಿ ಇದ್ದರೆ ಎಸಿ ಆರಿಸಿ, ದೀಪ ಮಿಣುಕದಷ್ಟು ಹಗುರವಾಗಿ ಕಾಲಿಟ್ಟು ಹೋಗಿ.

ಸ್ಕ್ಯಾನರ್ ಹಾಕಿದರೆ ಎಲ್ಲ ಗೊತ್ತಾಗುವುದಿಲ್ಲವೇ?

ಎಂಜಿನ್ನಿನ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಸ್ಕ್ಯಾನರ್ ಓದುತ್ತದೆ. ಎಂಜಿನ್ ಕಡೆಯ ದೋಷವಾದರೆ ಬಹಳಷ್ಟು ಗೊತ್ತಾಗುತ್ತದೆ. ಎಕ್ಸಲ್ ಸವೆದಿದೆ, ಟೈರು ಉಬ್ಬಿದೆ ಎಂದು ಯಾವ ಸ್ಕ್ಯಾನರೂ ಹೇಳುವುದಿಲ್ಲ. "ಸ್ಕ್ಯಾನ್ ಮಾಡಿದೆವು, ಏನೂ ಇಲ್ಲ" ಎಂದರೆ ಎಂಜಿನ್ ಬಿಟ್ಟು ಬೇರೆ ಕಡೆ ನೋಡಿ ಎಂದು ತಿಳಿಯಬೇಕು. ದುರದೃಷ್ಟವಶಾತ್ ಹೆಚ್ಚಿನವರು ಅದನ್ನು ಕಾರು ಸರಿಯಿದೆ ಎಂಬ ಪ್ರಮಾಣಪತ್ರವಾಗಿ ತೆಗೆದುಕೊಳ್ಳುತ್ತಾರೆ.

ಸ್ಕ್ಯಾನರ್ ತೋರಿಸುವ ದೋಷದ ಕೋಡ್‌ಗಳಲ್ಲಿ ಸಾಮಾನ್ಯವಾಗಿ ಬರುವವು ಕೆಲವೇ. ಪಿ0300 ಎಂದರೆ ಯಾವುದೇ ಒಂದು ಸಿಲಿಂಡರ್ ಎಂದಿಲ್ಲದೆ ಅಲ್ಲಲ್ಲಿ ಮಿಸ್ ಆಗುತ್ತಿದೆ. ಪಿ0301ರಿಂದ ಪಿ0304ರವರೆಗೆ ಕೊನೆಯ ಅಂಕಿಯೇ ಸಿಲಿಂಡರಿನ ಸಂಖ್ಯೆ. ಪಿ0171 ಎಂದರೆ ಗಾಳಿ ಹೆಚ್ಚು, ಇಂಧನ ಕಡಿಮೆ. ಎಲ್ಲೋ ವ್ಯಾಕ್ಯೂಮ್ ಪೈಪ್ ಬಿರಿದಿರಬಹುದು ಅಥವಾ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ. ಪಿ0087 ಬಂದರೆ ಇಂಧನದ ಒತ್ತಡ ಇಳಿದಿದೆ.

ಪಿ0302 ಬಂತು ಎನ್ನಿ. ತಕ್ಷಣ ಎರಡನೇ ಸಿಲಿಂಡರಿನ ಕಾಯಿಲ್ ಕೊಳ್ಳಲು ಓಡಬೇಡಿ. ಎಂಜಿನ್ ಆರಿಸಿ, ಎರಡನೆಯದರ ಕಾಯಿಲ್ ಬಿಚ್ಚಿ ಮೂರನೆಯದಕ್ಕೆ ಹಾಕಿ, ಮೂರನೆಯದನ್ನು ಎರಡಕ್ಕೆ ಹಾಕಿ. ಕೋಡ್ ಅಳಿಸಿ ಓಡಿಸಿ. ಈಗ ಪಿ0303 ಬಂದರೆ ದೋಷ ಕಾಯಿಲ್ ಜೊತೆಗೇ ಹೋಯಿತು, ಕಾಯಿಲ್ ಕೊಳ್ಳಿ. ಪಿ0302 ಅಲ್ಲೇ ಕುಳಿತಿದ್ದರೆ ಪ್ಲಗ್‌ಗೂ ಇದೇ ಅದಲುಬದಲು ಮಾಡಿ. ಅದಕ್ಕೂ ಜಗ್ಗದಿದ್ದರೆ ಇಂಧನ ಚಿಮ್ಮಿಸುವ ಇಂಜೆಕ್ಟರ್, ವೈರಿಂಗ್, ಕೊನೆಗೆ ಕಂಪ್ರೆಷನ್ ಪರೀಕ್ಷೆ. ಈ ಅದಲುಬದಲಿಗೆ ಒಂದು ಪಾನಾ ಮತ್ತು ಸ್ವಲ್ಪ ತಾಳ್ಮೆ ಸಾಕು, ಖರ್ಚು ಏನೂ ಇಲ್ಲ.

ಪ್ಲಗ್‌ಗಳ ವಿಷಯ: ಸಾಮಾನ್ಯ ನಿಕಲ್ ಪ್ಲಗ್‌ಗಳನ್ನು 30ರಿಂದ 40 ಸಾವಿರ ಕಿ.ಮೀ.ಗೆ ಬದಲಿಸಬೇಕಾಗುತ್ತದೆ, ಇರಿಡಿಯಂ ಆದರೆ 1 ಲಕ್ಷದ ಆಸುಪಾಸು ಬರುತ್ತವೆ. ನಿಮ್ಮ ಕಾರಿನ ಕೈಪಿಡಿ ಏನು ಹೇಳುತ್ತದೋ ಅದೇ ಅಂತಿಮ.

ಬೆಳಿಗ್ಗೆ ಸರಿ ಇರುತ್ತದೆ. ಬೇಸಿಗೆಯ ಮಧ್ಯಾಹ್ನ ಅರ್ಧ ಗಂಟೆ ಓಡಿಸಿದ ಮೇಲೆ ಮಾತ್ರ ಅದುರು.

ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 42 ಡಿಗ್ರಿ ದಾಟಿರುವಾಗ ಬಾನೆಟ್ ಒಳಗಿನ ಬಿಸಿಯನ್ನು ಊಹಿಸಿಕೊಳ್ಳಿ. ಇಗ್ನಿಷನ್ ಕಾಯಿಲ್ ಒಳಗೆ ಕೂದಲೆಳೆಯಂಥ ತಂತಿಯ ಸುರುಳಿಗಳಿರುತ್ತವೆ. ಅವುಗಳ ಮೇಲಿನ ಕವಚ ಹಳತಾಗಿ ಬಿರಿದರೆ ತಣ್ಣಗಿರುವಾಗ ಕೆಲಸ ಮಾಡಿ, ಕಾದಾಗ ಕೈಕೊಡುತ್ತವೆ. ಜಗತ್ ವೃತ್ತದಲ್ಲಿ ಎಸಿ ಹಾಕಿಕೊಂಡು ನಿಂತು ಹೊರಟಾಗ ಅದುರಿ, ಊರ ಹೊರಗೆ ಗಾಳಿ ಆಡಿದಾಗ ಸರಿಹೋದರೆ ಇದೇ ಕಾರಣ ಇರಬಹುದು. ಇಂಥ ದೋಷವನ್ನು ಬೆಳಿಗ್ಗೆ ಕಾರು ಬಿಟ್ಟು ಸಂಜೆ ತೆಗೆದುಕೊಂಡರೆ ಯಾರೂ ಹಿಡಿಯಲಾರರು. ಕಾದ ಕಾರನ್ನೇ, ಅದುರುತ್ತಿರುವಾಗಲೇ ಗ್ಯಾರೇಜಿಗೆ ಒಯ್ಯಬೇಕು.

ಎಂಜಿನ್ ತೊಳೆಸಿದ ಮರುದಿನದಿಂದ ಮಿಸ್ ಹೊಡೆಯುತ್ತಿದೆ.

ಪ್ಲಗ್ ಕುಳಿತಿರುವ ಗುಂಡಿಯಲ್ಲಿ ನೀರು ನಿಂತಿರಬಹುದು. ಕಾಯಿಲ್ ಬಿಚ್ಚಿ ಕಂಪ್ರೆಸರ್ ಗಾಳಿಯಿಂದ ಒಣಗಿಸಿದರೆ ಸಾಮಾನ್ಯವಾಗಿ ಮುಗಿಯುತ್ತದೆ. ಗುಂಡಿಯಲ್ಲಿ ನೀರಿನ ಬದಲು ಎಣ್ಣೆ ಕಂಡರೆ ಮೇಲಿನ ಕವರಿನ ಪ್ಯಾಕಿಂಗ್ ಹೋಗಿದೆ. ಎರೆ ಮಣ್ಣು, ಸಿಮೆಂಟ್ ದೂಳು ಕಂಡು ಎಂಜಿನ್‌ಗೆ ಪ್ರೆಷರ್ ನೀರು ಹೊಡೆಸುವ ಆಸೆ ಎಲ್ಲರಿಗೂ ಆಗುತ್ತದೆ. ಒದ್ದೆ ಬಟ್ಟೆ ಸಾಕು.

ಕಾರು ವಾರಗಟ್ಟಲೆ ನಿಂತಿತ್ತು. ತೆಗೆದಾಗ ಅದುರುತ್ತಿದೆ.

ಬಾನೆಟ್ ತೆರೆದು ಇಲಿಯ ಹಿಕ್ಕೆ ಹುಡುಕಿ. ತೊಗರಿ ರಾಶಿ ಮನೆಗೆ ಬರುವ ಕಾಲದಲ್ಲಿ ಗೋದಾಮಿನ ಪಕ್ಕ ನಿಲ್ಲಿಸಿದ ಕಾರು ಇಲಿ, ಹೆಗ್ಗಣಗಳಿಗೆ ಬೆಚ್ಚಗಿನ ಬಿಡಾರ. ಇಂಜೆಕ್ಟರ್ ಅಥವಾ ಸೆನ್ಸರ್ ವೈರಿನ ಒಂದೇ ಎಳೆ ಕಡಿದಿದ್ದರೂ ಎಂಜಿನ್ ಕುಂಟುತ್ತದೆ. ಇಲಿಯ ಗುರುತಿಲ್ಲದಿದ್ದರೆ ಟೈರು ನೋಡಿ: ಒಂದೇ ಕಡೆ ಭಾರ ಹೊತ್ತು ನಿಂತ ಟೈರು ಅಲ್ಲಿ ಚಪ್ಪಟೆಯಾಗಿ, ಮೊದಲ ಕೆಲವು ಕಿ.ಮೀ. ಅದುರಿ, ಬಿಸಿಯಾದ ಮೇಲೆ ಸರಿಹೋಗುತ್ತದೆ.

ಮಳೆಗಾಲದಲ್ಲಿ ಹೊಲಕ್ಕೆ ಹೋಗಿ ಬಂದ ಮರುದಿನ ಹೆದ್ದಾರಿಯಲ್ಲಿ ಸ್ಟೀರಿಂಗ್ ನಡುಗಿತು. ಹಿಂದಿನ ದಿನ ಸರಿ ಇತ್ತು.

ನಮ್ಮ ಜಿಲ್ಲೆಗಳ ವಿಶೇಷ ಕಾಯಿಲೆ ಇದು. ಎರೆ ಮಣ್ಣು ಹಸಿ ಇದ್ದಾಗ ರಿಮ್ಮಿನ ಒಳಮೈಗೆ ಮುದ್ದೆಮುದ್ದೆಯಾಗಿ ಅಂಟುತ್ತದೆ. ಹೊರಗಿನಿಂದ ನೋಡಿದರೆ ಚಕ್ರ ಸ್ವಚ್ಛವಾಗಿಯೇ ಕಾಣುತ್ತದೆ, ಏಕೆಂದರೆ ಮಣ್ಣು ಇರುವುದು ಬ್ರೇಕ್ ಕಡೆಯ ಮುಖದಲ್ಲಿ. ರಾತ್ರಿ ಕಾರು ನಿಂತಾಗ ಅದು ಕೆಳಕ್ಕೆ ಇಳಿದು ಒಂದೇ ಕಡೆ ಗಟ್ಟಿಯಾಗುತ್ತದೆ. ಚಕ್ರ ಬ್ಯಾಲೆನ್ಸ್ ಮಾಡುವವರು ಐದು, ಹತ್ತು ಗ್ರಾಂ ಸೀಸದ ತುಂಡುಗಳನ್ನು ಅಳೆದು ಅಂಟಿಸುತ್ತಾರೆ. ಇಲ್ಲಿ ಅಂಟಿರುವುದು ಹಿಡಿಗಟ್ಟಲೆ ಮಣ್ಣು. 80 ಕಿ.ಮೀ. ವೇಗದಲ್ಲಿ ಸಣ್ಣ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 12 ಸುತ್ತು ತಿರುಗುತ್ತದೆ, ಅಷ್ಟೂ ಸಲ ಸ್ಟೀರಿಂಗ್ ಜಗ್ಗುತ್ತದೆ.

ರಿಮ್ಮಿನ ಕಿಂಡಿಗಳ ಮೂಲಕ ಬೆರಳು ಹಾಕಿ ಒಳಮೈ ಸವರಿ ನೋಡಿ. ಮಣ್ಣಿದ್ದರೆ ನೀರು ಹೊಡೆದು ನೆನೆಸಿ, ಮರದ ತುಂಡಿನಿಂದ ಕೆರೆದು ತೆಗೆಯಿರಿ. ಕಬ್ಬಿಣದಿಂದ ಕೆರೆದರೆ ಬ್ಯಾಲೆನ್ಸ್ ತುಂಡುಗಳೂ ಎದ್ದು ಬರುತ್ತವೆ. ಇದನ್ನು ಮಾಡದೆ ನೇರವಾಗಿ ಬ್ಯಾಲೆನ್ಸಿಂಗ್‌ಗೆ ಹೋದರೆ ಮಣ್ಣಿನ ತೂಕಕ್ಕೇ ಸರಿಹೊಂದಿಸಿ ಕಳುಹಿಸುತ್ತಾರೆ. ಮಣ್ಣು ಉದುರಿದ ದಿನ ನಡುಕ ಮತ್ತೆ ಶುರು.

ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಆಯಿತು. ಆದರೂ 80ರ ಮೇಲೆ ನಡುಕ ಹೋಗಿಲ್ಲ.

ಅಲೈನ್‌ಮೆಂಟ್ ತಪ್ಪಿದ್ದರೆ ಕಾರು ಪಕ್ಕಕ್ಕೆ ಎಳೆಯುತ್ತದೆ, ಟೈರು ಓರೆಯಾಗಿ ಸವೆಯುತ್ತದೆ. ನಡುಕಕ್ಕೂ ಅದಕ್ಕೂ ನಂಟು ಕಡಿಮೆ. ಟೈರನ್ನೇ ನೋಡಿ. ಗುಂಡಿಗೆ ಬಿದ್ದು ಒಳಗಿನ ದಾರಗಳು ಕಡಿದಿದ್ದರೆ ಪಕ್ಕದಲ್ಲಿ ಉಬ್ಬು ಬರುತ್ತದೆ. ಹೊರಮೈಯಲ್ಲಿ ಕಾಣದಿದ್ದರೆ ಜ್ಯಾಕ್ ಹಾಕಿ ಚಕ್ರ ತಿರುಗಿಸಿ, ಒಂದು ಕಡ್ಡಿಯನ್ನು ಟೈರಿನ ಅಂಚಿಗೆ ಹತ್ತಿರ ಹಿಡಿದು ನೋಡಿ. ಕಡ್ಡಿಗೂ ಟೈರಿಗೂ ನಡುವಿನ ಅಂತರ ಏರಿಳಿದರೆ ರಿಮ್ ಬಾಗಿದೆ ಅಥವಾ ಟೈರು ಕೆಟ್ಟಿದೆ. ಉಬ್ಬಿದ ಟೈರಿನಲ್ಲಿ ಬೇಸಿಗೆಯ ಹೆದ್ದಾರಿಗೆ ಹೋಗುವುದು ಪ್ರಾಣದ ಜೊತೆ ಆಟ.

ರಸ್ತೆ ಬದಿಯ ಪಂಕ್ಚರ್ ಅಂಗಡಿಯಲ್ಲಿ ಚಕ್ರ ಬಿಚ್ಚಿಸಿದ ಮೇಲೆ ನಡುಕ ಬಂದಿದ್ದರೆ ಎಲ್ಲಕ್ಕಿಂತ ಮೊದಲು ನಟ್‌ಗಳನ್ನು ಬಿಗಿ ಮಾಡಿ.

ಡೀಸೆಲ್ ಕಾರು. ಓವರ್‌ಟೇಕ್ ಮಾಡಲು ಒತ್ತಿದರೆ ಎಳೆಯದೆ ಜಗ್ಗಿ ಜಗ್ಗಿ ಹೋಗುತ್ತದೆ.

ಡೀಸೆಲ್ ಫಿಲ್ಟರ್‌ನಿಂದ ಶುರು ಮಾಡಿ. ಜೇವರ್ಗಿ, ಅಫಜಲಪುರ ಕಡೆ ಟ್ರ್ಯಾಕ್ಟರ್‌ಗೆಂದು ಕ್ಯಾನಿನಲ್ಲಿ ತಂದಿಟ್ಟ ಡೀಸೆಲನ್ನೇ ಕಾರಿಗೂ ಸುರಿಯುವ ರೂಢಿ ಕೆಲವು ಮನೆಗಳಲ್ಲಿದೆ. ಕ್ಯಾನಿನ ತಳದ ದೂಳು, ಮುಚ್ಚಳದ ಸಂದಿಯಿಂದ ಇಳಿದ ನೀರು ಎರಡೂ ಟ್ಯಾಂಕಿಗೆ ಹೋಗುತ್ತವೆ. ಹಳೆಯ ಟ್ರ್ಯಾಕ್ಟರ್ ಅದನ್ನು ಸಹಿಸಿಕೊಳ್ಳಬಹುದು. ಈಗಿನ ಕಾಮನ್ ರೈಲ್ ಎಂಜಿನ್ ಸಹಿಸುವುದಿಲ್ಲ. ಅದರಲ್ಲಿ ಡೀಸೆಲ್ 1,600 ಬಾರ್ ಅಥವಾ ಅದಕ್ಕಿಂತ ಹೆಚ್ಚಿನ ಒತ್ತಡದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿಂದ ಚಿಮ್ಮಬೇಕು. ಫಿಲ್ಟರ್ ತಳದ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಸ್ವಲ್ಪ ಇಳಿಸಿ, ಅಲುಗಾಡಿಸದೆ ಇಡಿ. ನೀರಿದ್ದರೆ ಕೆಳಗೆ ಬೇರೆಯಾಗಿ ನಿಲ್ಲುತ್ತದೆ.

ಫಿಲ್ಟರ್ ಹೊಸದು ಹಾಕಿಯೂ ಜಗ್ಗಿದರೆ ಟರ್ಬೊ ಪೈಪ್ ಬಿರಿದಿದೆಯೇ ನೋಡಿ. ಬಿರಿದಿದ್ದರೆ ಸುಯ್ ಎಂಬ ಸದ್ದು, ಹಿಂದೆ ಕಪ್ಪು ಹೊಗೆ. ಊರೊಳಗೇ ಸಣ್ಣ ಸಣ್ಣ ದೂರ ಓಡುವ ಕಾರುಗಳಲ್ಲಿ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳುಹಿಸುವ ಇಜಿಆರ್ ವಾಲ್ವ್ ಮಸಿ ಕಟ್ಟಿ ಅಂಟಿಕೊಳ್ಳುವುದೂ ಸಾಮಾನ್ಯ. ಆಗ 1,500ರಿಂದ 2,000 ಆರ್‌ಪಿಎಂ ನಡುವೆ ಜರ್ಕ್ ಬರುತ್ತದೆ.

ಇಂಜೆಕ್ಟರ್ ಮೇಲೆ ಅನುಮಾನ ಬಂದರೆ ನಾಲ್ಕನ್ನೂ ಬದಲಿಸಲು ಒಪ್ಪುವ ಮೊದಲು ರಿಟರ್ನ್ ಪರೀಕ್ಷೆ ಮಾಡಿಸಿ. ಪ್ರತಿ ಇಂಜೆಕ್ಟರಿನ ವಾಪಸು ಪೈಪಿಗೆ ಒಂದೊಂದು ಸಣ್ಣ ಬಾಟಲಿ ಕಟ್ಟಿ ಎಂಜಿನ್ ಓಡಿಸುತ್ತಾರೆ. ಮೂರು ಬಾಟಲಿಗಳಲ್ಲಿ ಒಂದೇ ಮಟ್ಟ ಇದ್ದು ನಾಲ್ಕನೆಯದು ತುಂಬಿ ಬಂದರೆ ಕಳ್ಳ ಅದೇ. ಇಂಜೆಕ್ಟರ್ ಬೆಂಚಿನ ಮೇಲಿಟ್ಟು ದುರಸ್ತಿ ಮಾಡುವ ಕೆಲಸಕ್ಕೆ ಸೊಲ್ಲಾಪುರ ಅಥವಾ ಹೈದರಾಬಾದಿಗೆ ಕಳುಹಿಸುತ್ತೇವೆ ಎಂದರೆ, ಈ ಪರೀಕ್ಷೆ ಇಲ್ಲೇ ಆದ ಮೇಲೆ ಕೆಟ್ಟದ್ದನ್ನು ಮಾತ್ರ ಕಳುಹಿಸಲು ಹೇಳಿ.

ಎಥನಾಲ್ ಬೆರೆಸಿದ ಪೆಟ್ರೋಲ್ ಬಂದ ಮೇಲೆ ಅದುರುತ್ತಿದೆ. ಅದೇ ಕಾರಣವೇ?

ಇರಬಹುದು, ಆದರೆ ಈಗ ಎಲ್ಲ ದೋಷವನ್ನೂ ಅದರ ತಲೆಗೆ ಕಟ್ಟುವುದು ಅಭ್ಯಾಸವಾಗಿದೆ. ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ ಶಕ್ತಿ ಇದೆ. ಶೇ. 20 ಬೆರೆತಾಗ ಮೈಲೇಜ್ ಇಳಿಯುವುದು ಸಹಜ, ಅದುರುವುದು ಸಹಜವಲ್ಲ. ಎಂಜಿನ್ನಿನ ಕಂಪ್ಯೂಟರ್ ಇಂಧನವನ್ನು ಹೆಚ್ಚಿಸಿ ಹೊಂದಿಸಿಕೊಳ್ಳುತ್ತದೆ. ತೊಂದರೆ ಕಾಣುವುದು ಎರಡು ಕಡೆ. ಹಳೆಯ ಕಾರಿನ ಟ್ಯಾಂಕಿನಲ್ಲಿ ವರ್ಷಗಳಿಂದ ಕುಳಿತ ಕೊಳೆಯನ್ನು ಎಥನಾಲ್ ಎಬ್ಬಿಸಿ ಫಿಲ್ಟರ್ ಕಟ್ಟಿಸುತ್ತದೆ. ಇನ್ನೊಂದು, ಎಥನಾಲ್ ನೀರನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎರಡೂ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪಂಪ್ ಮೊದಲು ಎಳೆಯುವುದು ಅದನ್ನೇ. ತಿಂಗಳುಗಟ್ಟಲೆ ನಿಲ್ಲುವ ಕಾರಿನಲ್ಲಿ ಈ ಭಯ ಹೆಚ್ಚು. ಪೆಟ್ರೋಲ್ ಹಾಕಿಸಿದ ಕೆಲವೇ ಕಿ.ಮೀ.ಗಳಲ್ಲಿ ಅದುರು ಶುರುವಾಗಿದ್ದರೆ ರಸೀದಿ ಇಟ್ಟುಕೊಳ್ಳಿ, ಟ್ಯಾಂಕಿನಿಂದ ಮಾದರಿ ತೆಗೆಸಿ.

ಸಿಎನ್‌ಜಿಯಲ್ಲಿ ಅದುರುತ್ತದೆ, ಪೆಟ್ರೋಲಿಗೆ ಬದಲಿಸಿದರೆ ಸರಿ.

ಪ್ಲಗ್ ಮತ್ತು ಕಾಯಿಲ್. ಅನಿಲವನ್ನು ಹೊತ್ತಿಸಲು ಹೆಚ್ಚಿನ ವೋಲ್ಟೇಜ್ ಬೇಕು, ಆದ್ದರಿಂದ ಸೋಲುತ್ತಿರುವ ಪ್ಲಗ್ ಸಿಎನ್‌ಜಿಯಲ್ಲಿ ಮೊದಲು ಬಯಲಾಗುತ್ತದೆ. ಅವೆರಡೂ ಸರಿಯಿದ್ದರೆ ಗ್ಯಾಸ್ ಫಿಲ್ಟರ್, ಅನಿಲದ ಒತ್ತಡ ಇಳಿಸುವ ರೆಗ್ಯುಲೇಟರ್.

ಮೊದಲ ಗೇರಿನಲ್ಲಿ ಕ್ಲಚ್ ಬಿಡುವಾಗ ಇಡೀ ಕಾರು ಕುಲುಕುತ್ತದೆ. ಹೊರಟ ಮೇಲೆ ಏನೂ ಇಲ್ಲ.

ಕ್ಲಚ್. ಪ್ಲೇಟಿನ ಮೇಲೆ ಎಣ್ಣೆ ಬಿದ್ದಿರಬಹುದು, ಪ್ಲೇಟ್ ಕಚ್ಚಿಕೊಳ್ಳುವ ಫ್ಲೈವೀಲ್ ಮೈಮೇಲೆ ಸುಟ್ಟ ಕಲೆಗಳಾಗಿರಬಹುದು. ಸೂಪರ್ ಮಾರ್ಕೆಟ್ ಪ್ರದೇಶದ ದಟ್ಟಣೆಯಲ್ಲಿ ಹಾಫ್ ಕ್ಲಚ್ ಹಿಡಿದೇ ತೆವಳುವವರ ಕಾರುಗಳಿಗೆ ಇದು ಬೇಗ ಬರುತ್ತದೆ. ಗೇರ್ ಬಾಕ್ಸ್ ಇಳಿಸಿದ ಮೇಲೆ ಪ್ಲೇಟ್ ಮಾತ್ರ ಹಾಕಿ ಉಳಿದದ್ದನ್ನು ಬಿಡಬೇಡಿ. ಪ್ರೆಷರ್ ಪ್ಲೇಟ್, ಕ್ಲಚ್ ಬೇರಿಂಗ್ ಎರಡನ್ನೂ ಹಾಕಿಸಿ, ಏಕೆಂದರೆ ಕೂಲಿ ಅಷ್ಟೇ. ಎಣ್ಣೆ ಬಿದ್ದಿದ್ದರೆ ಸೀಲ್ ಬದಲಿಸದೆ ಹೊಸ ಪ್ಲೇಟ್ ಹಾಕುವುದು ವ್ಯರ್ಥ.

ಒಂದು ಅಪವಾದವಿದೆ. 2020ರ ಅಕ್ಟೋಬರಿನಲ್ಲಿ ಭೀಮಾ ತುಂಬಿ ಹರಿದಂಥ ದಿನಗಳಲ್ಲಿ ನಿಂತ ನೀರು ದಾಟಿದ ಕಾರುಗಳು ಮರುದಿನ ಬೆಳಿಗ್ಗೆ ಹೀಗೆ ಕುಲುಕಬಹುದು. ಫ್ಲೈವೀಲ್ ಮೇಲೆ ತೆಳುವಾದ ತುಕ್ಕು ಹಿಡಿದಿರುತ್ತದೆ. ಕೆಲವು ಸಲ ಹೊರಟು ನಿಂತರೆ ಉಜ್ಜಿ ಹೋಗುತ್ತದೆ. ಹೋಗದಿದ್ದರೆ ತೋರಿಸಿ.

ಎಂಜಿನ್ ಫೌಂಡೇಶನ್ ಹೋಗಿದೆ ಎಂದು ತಿಳಿಯುವುದು ಹೇಗೆ?

ನಿಂತಾಗ ಸ್ಟೀರಿಂಗ್, ಸೀಟು ನಡುಗುತ್ತವೆ. ಕಾಲು ಒತ್ತಿದಾಗ ಮತ್ತು ಬಿಟ್ಟಾಗ ಧಡ್ ಎಂದು ಒಮ್ಮೆ ಹೊಡೆಯುತ್ತದೆ. ಬಾನೆಟ್ ತೆರೆದು, ಹ್ಯಾಂಡ್ ಬ್ರೇಕ್ ಎಳೆದು, ಕಾಲಿನ ಬ್ರೇಕ್ ಗಟ್ಟಿಯಾಗಿ ಒತ್ತಿ, ಮೊದಲ ಗೇರಿನಲ್ಲಿ ಕ್ಲಚ್ ಸ್ವಲ್ಪವೇ ಸಡಿಲಿಸಿದರೆ ಎಂಜಿನ್ ವಾಲುವುದು ಕಾಣುತ್ತದೆ. ಸ್ವಲ್ಪ ವಾಲಿದರೆ ಸರಿ, ಜಿಗಿದರೆ ರಬ್ಬರ್ ಹರಿದಿದೆ. ನೋಡುವವರು ಕಾರಿನ ಪಕ್ಕದಲ್ಲಿ ನಿಲ್ಲಬೇಕು, ಮುಂದೆ ಅಲ್ಲವೇ ಅಲ್ಲ. ಒಳಗೆ ದ್ರವ ತುಂಬಿದ ಫೌಂಡೇಶನ್ ಆದರೆ ಕೆಳಗೆ ಕಪ್ಪು ಎಣ್ಣೆಯ ಕಲೆ ಹುಡುಕಿ.

ಆಟೊಮ್ಯಾಟಿಕ್ ಕಾರುಗಳಲ್ಲಿ?

ಎಎಂಟಿ (ಮ್ಯಾನ್ಯುಯಲ್ ಗೇರ್ ಬಾಕ್ಸಿನ ಗೇರನ್ನು ಯಂತ್ರವೇ ಬದಲಿಸುವ ಬಗೆ) ಗೇರ್ ಬದಲಿಸುವಾಗ ತಲೆದೂಗುವುದು ಅದರ ಸ್ವಭಾವ, ರೋಗವಲ್ಲ. ಡಿಸಿಟಿ (ಎರಡು ಕ್ಲಚ್‌ಗಳ ಗೇರ್ ಬಾಕ್ಸ್) ಕಾರು ಬಿಸಿಲಲ್ಲಿ, ದಟ್ಟಣೆಯಲ್ಲಿ ತೆವಳುವಾಗ ಕುಲುಕಿದರೆ ಕ್ಲಚ್ ಕಾದಿದೆ. ಮುಂದಿನ ವಾಹನಕ್ಕೆ ಅಂಟಿಕೊಂಡು ಇಂಚಿಂಚು ಸರಿಯುವ ಬದಲು ಸ್ವಲ್ಪ ಜಾಗ ಬಿಟ್ಟು ಒಮ್ಮೆಗೇ ಮುಂದೆ ಹೋಗಿ. ಆಯಿಲ್ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಕಾರು ಹದವಾದ ವೇಗದಲ್ಲಿ, ಹಗುರವಾಗಿ ಕಾಲಿಟ್ಟಾಗ ಉಬ್ಬುತಗ್ಗು ರಸ್ತೆಯ ಮೇಲೆ ಹೋದಂತೆ ಗರಗರ ಎಂದರೆ ಗೇರ್ ಆಯಿಲ್ ಹಳತಾಗಿರಬಹುದು. ಕೈಪಿಡಿ ಹೇಳಿದ ಆಯಿಲನ್ನೇ ಹಾಕಿಸಿ. "ಎಲ್ಲಕ್ಕೂ ಆಗುತ್ತದೆ" ಎನ್ನುವ ಡಬ್ಬಿಯನ್ನು ಮುಟ್ಟಬೇಡಿ.

ಗ್ಯಾರೇಜಿನಲ್ಲಿ ಹೇಗೆ ಹೇಳಬೇಕು?

"ಅಣ್ಣಾ, ಗಾಡಿ ಅದುರುತ್ತಿದೆ, ನೋಡು" ಎಂದು ಕೀಲಿ ಕೊಟ್ಟು ಹೋದರೆ ಅವರಿಗೂ ಅಂದಾಜೇ ಗತಿ. "ಮೂರನೇ ಗೇರಿನಲ್ಲಿ, 50ರಲ್ಲಿ, ಜೋರಾಗಿ ಒತ್ತಿದರೆ ಮಾತ್ರ, ಕಾಲು ತೆಗೆದರೆ ನಿಲ್ಲುತ್ತದೆ, ನಿಂತಲ್ಲಿ ಇಲ್ಲ" ಎಂದು ಹೇಳಿ. ಜೊತೆಗೆ ಕೂರಿಸಿಕೊಂಡು ಅದೇ ಅದುರನ್ನು ತೋರಿಸಿ. ತಾನೇ ಅನುಭವಿಸದ ದೋಷವನ್ನು ಸರಿ ಮಾಡುತ್ತೇನೆ ಎನ್ನುವ ಮೆಕ್ಯಾನಿಕ್ ಬಗ್ಗೆ ಸ್ವಲ್ಪ ಎಚ್ಚರ ಇರಲಿ. ತೆಗೆದ ಹಳೆಯ ಭಾಗವನ್ನು ವಾಪಸು ಕೇಳುವುದು ನಿಮ್ಮ ಹಕ್ಕು, ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಬೇಕಿಲ್ಲ. ವಾರಂಟಿ ಇರುವ ಕಾರಾದರೆ ಹೊರಗೆ ಏನನ್ನೂ ಬಿಚ್ಚಿಸದೆ ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ದೂರನ್ನು ಜಾಬ್ ಕಾರ್ಡಿನಲ್ಲಿ ಬರೆಸಿ, ಪ್ರತಿ ತೆಗೆದುಕೊಳ್ಳಿ.

ಹಳೆಯ ಕಾರು ಕೊಳ್ಳುತ್ತಿದ್ದೇನೆ. ಇಂಥ ದೋಷ ಮುಚ್ಚಿಟ್ಟಿದ್ದರೆ ಹೇಗೆ ಹಿಡಿಯುವುದು?

ಮಾರುವವರು ನಿಧಾನವಾಗಿ ಓಡಿಸಿ ತೋರಿಸುತ್ತಾರೆ. ನೀವು ಎರಡನೇ ಗೇರಿನಲ್ಲಿ 30ರಿಂದ ಪೂರ್ತಿ ಒತ್ತಿ ನೋಡಿ, ನಾಲ್ಕನೇ ಗೇರಿನಲ್ಲಿ 45ರಿಂದ ಒತ್ತಿ ನೋಡಿ. ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಎರಡೂ ದಿಕ್ಕಿಗೆ ವೃತ್ತ ಹಾಕಿ, ಟಕ್‌ಟಕ್ ಕೇಳಿಸುತ್ತದೆಯೇ ಗಮನಿಸಿ. ಹೊರ ರಾಜ್ಯದ ದೊಡ್ಡ ಊರುಗಳಿಂದ ಅಗ್ಗಕ್ಕೆ ಬಂದ ಕಾರಾದರೆ ಸೀಟಿನ ಕೆಳಗಿನ ಕಂಬಿಗಳಲ್ಲಿ ತುಕ್ಕು, ಕಾರ್ಪೆಟ್ ಅಡಿಯಲ್ಲಿ ಒಣ ಕೆಸರು ಇದೆಯೇ ನೋಡಿ. ನೆರೆ ನೀರಿನಲ್ಲಿ ನಿಂತ ಕಾರಿನ ವೈರಿಂಗ್ ಮುಂದೆ ವರ್ಷಗಟ್ಟಲೆ ಕಾಡುತ್ತದೆ.

ಸ್ಕ್ಯಾನರ್ ಹಾಕಿಸಿದಾಗ ಕೋಡ್ ಇಲ್ಲ ಎಂದಷ್ಟೇ ಕೇಳಿ ಬರಬೇಡಿ. ಕಾರು ತನ್ನನ್ನು ತಾನು ಪರೀಕ್ಷಿಸಿಕೊಂಡು ಮುಗಿಸಿದೆಯೇ ಎಂದು ತೋರಿಸುವ ರೆಡಿನೆಸ್ ಎಂಬ ಪಟ್ಟಿ ಅದರಲ್ಲೇ ಇರುತ್ತದೆ. ಕೋಡ್ ಅಳಿಸಿದರೆ ಅಥವಾ ಬ್ಯಾಟರಿ ಬಿಚ್ಚಿದರೆ ಆ ಪಟ್ಟಿ ಅಪೂರ್ಣವಾಗುತ್ತದೆ, ಕೆಲವು ದಿನ ಓಡಿಸಿದ ಮೇಲಷ್ಟೇ ತುಂಬುತ್ತದೆ. ನಿತ್ಯ ಓಡಾಡುವ ಕಾರು ಎಂದು ಮಾರುವವರು ಹೇಳುತ್ತಿದ್ದು, ಪಟ್ಟಿ ಮಾತ್ರ ಅಪೂರ್ಣ ಎಂದು ತೋರಿಸಿದರೆ ಬ್ಯಾಟರಿ ಹೊಸದೇ ಎಂದು ಕೇಳಿ. ಹೊಸದಲ್ಲದಿದ್ದರೆ ಬೇರೆ ಕಾರು ನೋಡಿ.